ಗಾಳಿ ಬೇಕು, ಬಿಸಿಲು ಬೇಡ. ಎರಡೂ ಬರುವುದು ಪಡುವಣದಿಂದಲೇ

ಏಪ್ರಿಲ್ ಕೊನೆಯ ವಾರದ ಒಂದು ರಾತ್ರಿ, ಗಂಟೆ ಒಂಬತ್ತೂವರೆ. ಕಾರವಾರದ ಕೋಡಿಬಾಗದಲ್ಲಿರುವ ನಮ್ಮ ಮನೆಯ ಮಲಗುವ ಕೋಣೆಯಲ್ಲಿ ಸ್ಟೂಲು ಹತ್ತಿ ತಲೆಯ ಮೇಲಿನ ಸ್ಲ್ಯಾಬಿಗೆ ಅಂಗೈ ಒತ್ತಿದೆ. ಹೊರಗೆ ಅಂಗಳ ತಣಿದು ಎರಡು ಗಂಟೆಯಾಗಿತ್ತು. ಸ್ಲ್ಯಾಬು ಮಾತ್ರ ದೋಸೆ ಎರೆದು ಮುಗಿಸಿ ಒಲೆಯಿಂದ ಇಳಿಸಿಟ್ಟ ಕಾವಲಿಯ ಹಾಗೆ ಇನ್ನೂ ಬೆಚ್ಚಗಿತ್ತು. ಶಿರಸಿಯಿಂದ ಬಂದಿದ್ದ ತಂಗಿಯ ಗಂಡ ಕೆಳಗೆ ಚಾಪೆಯ ಮೇಲೆ ಕುಳಿತು ದಿನಪತ್ರಿಕೆಯಿಂದ ಗಾಳಿ ಹಾಕಿಕೊಳ್ಳುತ್ತ ಹೇಳಿದ: “ಹಂಚಿನ ಮನೆ ಕೆಡವಿ ಕಾವಲಿಯಡಿ ಮಲಗಿದ್ದೀರಲ್ಲ ಭಾವ.” ಮಾತು ಚುಚ್ಚಿತು. ನಿಜವಾಗಿದ್ದುದರಿಂದ ಇನ್ನಷ್ಟು ಚುಚ್ಚಿತು. ಅಜ್ಜನ ಕಾಲದ ಹಂಚಿನ ಮನೆಯ ಜಾಗದಲ್ಲಿ ಸ್ಲ್ಯಾಬಿನ ಮನೆ ಎಬ್ಬಿಸಿದವನು ನಾನೇ.

ಅಲ್ಲಿಂದ ಮೂರು ನಾಲ್ಕು ಬೇಸಿಗೆ ಈ ಸೆಕೆಯ ಬೆನ್ನು ಹತ್ತಿದ್ದೇನೆ. ಕೆಲವು ಪ್ರಯತ್ನಗಳಿಗೆ ಹಣ ದಂಡವಾಯಿತು, ಕೆಲವು ಪುಕ್ಕಟೆಯಾಗಿ ಫಲ ಕೊಟ್ಟವು. ಯಾವುದು ಏಕೆ ಕೆಲಸ ಮಾಡುತ್ತದೆ, ಯಾವುದು ಏಕೆ ಮಾಡುವುದಿಲ್ಲ ಎಂಬುದು ತಿಳಿಯಬೇಕಾದರೆ ಮೊದಲು ಸೆಕೆ ಎಂಬ ಮಾತನ್ನೇ ಬಿಡಿಸಿ ನೋಡಬೇಕು.

ಬಯಲುಸೀಮೆಯವರು ಬಿಸಿಲು ಎನ್ನುತ್ತಾರೆ, ನಾವು ಸೆಕೆ ಎನ್ನುತ್ತೇವೆ. ಎರಡೂ ಒಂದೇ ಅಲ್ಲ. ಕಲಬುರಗಿಯಲ್ಲಿ ಮೇ ತಿಂಗಳಲ್ಲಿ 41 ಡಿಗ್ರಿ ದಾಟುವುದು ಮಾಮೂಲು. ಕಾರವಾರದಲ್ಲಿ ಪಾದರಸ ಹೆಚ್ಚಿನ ದಿನ 33–34ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಆದರೂ ನಮಗೆ ಅಂಗಿ ಮೈಗೆ ಅಂಟುತ್ತದೆ, ಅವರಿಗೆ ಅಂಟುವುದಿಲ್ಲ. ಮೈ ತಣಿಯುವುದು ಬೆವರಿನಿಂದ ಅಲ್ಲ, ಬೆವರು ಆರುವುದರಿಂದ. ಗಾಳಿಯಲ್ಲಿ ಆಗಲೇ ನೀರಾವಿ ತುಂಬಿದ್ದರೆ ಬೆವರು ಆರುವ ವೇಗ ಕುಗ್ಗುತ್ತದೆ. 34 ಡಿಗ್ರಿ ಬಿಸಿ ಮತ್ತು ಶೇಕಡ 65 ತೇವಾಂಶವಿರುವ ನಮ್ಮ ಗಾಳಿಯನ್ನೂ, 41 ಡಿಗ್ರಿ ಮತ್ತು ಶೇಕಡ 20 ತೇವಾಂಶದ ಬಯಲುಸೀಮೆಯ ಗಾಳಿಯನ್ನೂ ಪಕ್ಕಪಕ್ಕದಲ್ಲಿಟ್ಟು ಲೆಕ್ಕ ಹಾಕಿದರೆ, ಚರ್ಮದ ಮೇಲಿನ ಬೆವರನ್ನು ಎಳೆದುಕೊಳ್ಳುವ ಶಕ್ತಿ ನಮ್ಮ ಗಾಳಿಗೆ ಅಲ್ಲಿನದರ ಹೆಚ್ಚುಕಡಿಮೆ ಅರ್ಧದಷ್ಟು. ಆ ಕೊರತೆಯನ್ನು ತುಂಬುವುದು ಒಂದೇ: ಬೀಸುವಿಕೆ. ಒದ್ದೆ ಗಾಳಿಯಾದರೂ ಬೀಸುತ್ತಿದ್ದರೆ ಮೈಯ ಸುತ್ತ ನಿಂತ ಪದರ ಸರಿಯುತ್ತದೆ, ಬೆವರು ಆರುತ್ತದೆ. ನಿಂತರೆ ಮುಗಿಯಿತು.

ಇದು ತಿಳಿಯದೆ ನಾನು ಮಾಡಿದ ಮೊದಲ ತಪ್ಪು ಕೂಲರು. ಅದರ ಕೆಲಸ ಒದ್ದೆ ಹುಲ್ಲಿನ ಪರದೆಯ ಮೂಲಕ ಗಾಳಿಯನ್ನು ಹಾಯಿಸಿ ನೀರನ್ನು ಆವಿ ಮಾಡುವುದು. ಮೇಲಿನ ಲೆಕ್ಕದ ಬಯಲುಸೀಮೆಯ ಗಾಳಿ ಕೂಲರಿನಿಂದ 27ರ ಸಮೀಪಕ್ಕೆ ಇಳಿಯಬಹುದು. 14 ಡಿಗ್ರಿಯ ಲಾಭ. ನಮ್ಮ ಗಾಳಿ 30ರ ಹತ್ತಿರ ಬಂದು ನಿಲ್ಲುತ್ತದೆ, ಜೊತೆಗೆ ತೇವಾಂಶ ಶೇಕಡ 90ಕ್ಕೆ ಏರುತ್ತದೆ. ಎರಡನೇ ವಾರಕ್ಕೆ ನಮ್ಮ ಕಪಾಟಿನ ಪುಸ್ತಕಗಳು ಮೆತ್ತಗಾದವು, ಚಪ್ಪಲಿಗೆ ಬೂಷ್ಟು ಬಂತು. ಆ ಕೂಲರು ಈಗ ಹುಬ್ಬಳ್ಳಿಯ ನೆಂಟರ ಮನೆಯಲ್ಲಿ ಸುಖವಾಗಿದೆ. ಕಿಟಕಿಗೆ ಒದ್ದೆ ಬಟ್ಟೆ ಕಟ್ಟುವ, ಕೋಣೆಯಲ್ಲಿ ನೀರಿನ ಬೋಗುಣಿ ಇಡುವ ಸಲಹೆಗಳೂ ಇದೇ ಜಾತಿಯವು. ಕರಾವಳಿಯಲ್ಲಿ ಮನೆಯೊಳಗೆ ನೀರಾವಿ ಸೇರಿಸುವ ಯಾವ ಉಪಾಯವನ್ನೂ ನಂಬಬೇಡಿ.

ಹೊರಗಿನ ಗಾಳಿ 34 ಡಿಗ್ರಿ ಮೀರದ ಊರಿನಲ್ಲಿ ಕೋಣೆ ಕಾದ ಕುಲುಮೆಯಾಗುವುದು ಗಾಳಿಯಿಂದಲ್ಲ. ಮನೆ ಹಗಲೆಲ್ಲ ನುಂಗಿದ ಬಿಸಿಲನ್ನು ರಾತ್ರಿ ಕಕ್ಕುತ್ತದೆ. ಹಾಗಾಗಿ ಮೊದಲ ಕೆಲಸ, ನುಂಗುವ ಬಾಯಿ ಯಾವುದು ಎಂದು ಹುಡುಕುವುದು. ಅದಕ್ಕೆ ಉಪಕರಣ ಬೇಡ. ಸಂಜೆ ಆರೂವರೆಗೆ ಒಮ್ಮೆ, ರಾತ್ರಿ ಒಂಬತ್ತೂವರೆಗೆ ಒಮ್ಮೆ ಪ್ರತಿ ಕೋಣೆಯ ನಾಲ್ಕು ಗೋಡೆ ಮತ್ತು ಸ್ಲ್ಯಾಬನ್ನು ಒಳಗಿನಿಂದ ಅಂಗೈಯಲ್ಲಿ ಮುಟ್ಟಿ ನೋಡಿ. ನಮ್ಮಲ್ಲಿ ಸ್ಲ್ಯಾಬು ಒಂದನೆಯದು, ಪಡುವಣ ಗೋಡೆ ಎರಡನೆಯದು. ಉಳಿದವು ಲೆಕ್ಕಕ್ಕಿರಲಿಲ್ಲ. ನಿಮ್ಮ ಮನೆಯಲ್ಲೂ ಬಹುಶಃ ಇದೇ ಕ್ರಮ.

ಏಕೆ ಸ್ಲ್ಯಾಬೇ? ಕಾರವಾರ ಇರುವುದು ಸುಮಾರು 14.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಮುಗಿದು ಮೇ ಹುಟ್ಟುವ ಹೊತ್ತಿಗೆ ಸೂರ್ಯ ಮಧ್ಯಾಹ್ನ ಹನ್ನೆರಡೂವರೆಯ ಸುಮಾರಿಗೆ ನೇರ ನಮ್ಮ ನೆತ್ತಿಯ ಮೇಲಿರುತ್ತಾನೆ; ಅಂಗಳದ ಕಂಬದ ನೆರಳು ಕಂಬದ ಬುಡದಲ್ಲೇ ಮುದುಡಿಕೊಳ್ಳುತ್ತದೆ. ಆಗ ಗೋಡೆಗಳಿಗೆ ನೇರ ಬಿಸಿಲು ಬೀಳುವುದೇ ಇಲ್ಲ, ಪೂರ್ತಿ ಏಟು ತಾರಸಿಗೆ. ಶುಭ್ರ ಆಕಾಶದ ನಡುಹಗಲಿನಲ್ಲಿ ಒಂದು ಚದರ ಮೀಟರಿಗೆ ಹತ್ತಿರಹತ್ತಿರ ಒಂದು ಕಿಲೋವಾಟ್, ಅಂದರೆ ಒಂದು ಇಸ್ತ್ರಿ ಪೆಟ್ಟಿಗೆಯ ಶಾಖ. ಸಾವಿರ ಚದರ ಅಡಿಯ ತಾರಸಿಯ ಮೇಲೆ ತೊಂಬತ್ತು ಇಸ್ತ್ರಿ ಪೆಟ್ಟಿಗೆಗಳನ್ನು ಹೊತ್ತಿಸಿ ಇಟ್ಟಂತೆ. ಮಳೆಗಾಲದ ಪಾಚಿ ಒಣಗಿ ಕಪ್ಪಾದ ಕಾಂಕ್ರೀಟು ಅದರಲ್ಲಿ ಬಹುಪಾಲನ್ನು ಹೀರುತ್ತದೆ. ಐದು ಇಂಚು ದಪ್ಪದ ಸ್ಲ್ಯಾಬನ್ನು ದಾಟಿ ಆ ಶಾಖ ಕೆಳಗಿನ ಮೈಗೆ ಬರಲು ಮೂರು ಗಂಟೆಯಷ್ಟು ಹೊತ್ತು ಬೇಕು. ತುಂಬಿಕೊಂಡದ್ದು ಖಾಲಿಯಾಗಲು ಅದಕ್ಕಿಂತ ಹೆಚ್ಚು. ಮಧ್ಯಾಹ್ನದ ಬಿಸಿಲು ರಾತ್ರಿಯೂಟದ ಹೊತ್ತಿಗೆ ಮನೆಯೊಳಗೆ ಹಾಜರಾಗುವುದು ಹೀಗೆ.

ಹಂಚಿನ ಮನೆಯ ಗುಟ್ಟು ಇದಕ್ಕೆ ತದ್ವಿರುದ್ಧ. ಮಂಗಳೂರಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್ನಿನವರು ಹೆಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿಯ ಉದ್ದಕ್ಕೂ ಹರಡಿದ ಆ ಹೆಂಚು ಬಲು ತೆಳು. ಬೇಗ ಕಾಯುತ್ತದೆ, ಹೊತ್ತು ಮುಳುಗಿದೊಡನೆ ಬೇಗ ಆರುತ್ತದೆ, ರಾತ್ರಿಗೆ ಬಾಕಿ ಉಳಿಸಿಕೊಳ್ಳುವುದಿಲ್ಲ. ಹೆಂಚು ಹೆಂಚಿನ ನಡುವಿನ ಸಂದುಗಳಿಂದ ಬಿಸಿಗಾಳಿ ತಾನಾಗಿ ಹೊರಬೀಳುತ್ತದೆ. ಆದರೆ ಹಳೆಯದೆಲ್ಲ ಚಿನ್ನ ಎಂದು ಹಾಡುವ ಗುಂಪಿಗೆ ನಾನು ಸೇರಿದವನಲ್ಲ. ಅಟ್ಟವಿಲ್ಲದ ಬರಿಯ ಹೆಂಚಿನಡಿ ಮಧ್ಯಾಹ್ನ ಎರಡು ಗಂಟೆಗೆ ಕುಳಿತು ನೋಡಿ, ನೆತ್ತಿ ಸುಡುತ್ತದೆ. ಅಜ್ಜನ ಮನೆಯ ತಂಪು ಹೆಂಚೊಂದರದ್ದೇ ಆಗಿರಲಿಲ್ಲ. ಹೆಂಚಿನ ಕೆಳಗಿನ ಅಟ್ಟ, ಅಟ್ಟಕ್ಕೆ ಹಾಸಿದ ಮಣ್ಣು, ಸುತ್ತಲಿನ ಜಗುಲಿ, ಜಗುಲಿಯ ಮೇಲೆ ತಲೆ ತಾಗುವಷ್ಟು ಇಳಿದ ಮಾಡು, ಚಿರೆಕಲ್ಲಿನ ದಪ್ಪ ಗೋಡೆ, ಇವೆಲ್ಲ ಸೇರಿ ಮಾಡಿದ ಕೆಲಸ ಅದು. ಬಿಸಿಲು ಗೋಡೆಯನ್ನು ಮುಟ್ಟುತ್ತಲೇ ಇರಲಿಲ್ಲ.

ಕೆಡವಿದ ಮನೆಯನ್ನು ತಿರುಗಿ ಕಟ್ಟಲಾಗದು. ಇರುವ ಸ್ಲ್ಯಾಬಿಗೆ ಏನು ಮಾಡಬಹುದು?

ಅತ್ಯಂತ ಅಗ್ಗದ್ದು ಸುಣ್ಣ. ಹೊಸದಾಗಿ ಬಳಿದ ಬಿಳಿ ಸುಣ್ಣ ಬಿಸಿಲಿನ ಶೇಕಡ 70ರಷ್ಟನ್ನು ಆಕಾಶಕ್ಕೇ ಹಿಂದಿರುಗಿಸಬಲ್ಲದು. ಅಘನಾಶಿನಿಯ ಅಳಿವೆಯ ಬಳಚಿನ ಚಿಪ್ಪು ಸುಟ್ಟು ಮಾಡಿದ ಸುಣ್ಣವಾದರೂ ಸರಿ, ಅಂಗಡಿಯ ಚೀಲದ ಸುಣ್ಣವಾದರೂ ಸರಿ. ಹಿಂದಿನ ರಾತ್ರಿ ನೆನೆಸಿ, ಬಟ್ಟೆಯಲ್ಲಿ ಸೋಸಿ, ಕೈಗೆ ಹತ್ತಿ ಬರದಿರಲು ಸ್ವಲ್ಪ ಅಂಟು ಬೆರೆಸಿ, ತಾರಸಿಯನ್ನು ತಿಕ್ಕಿ ತೊಳೆದು, ಮೈ ಒದ್ದೆಯಿರುವಾಗಲೇ ಸಂಜೆ ಹೊತ್ತು ಎರಡು ಕೈ ಬಳಿಯಬೇಕು. ಸುಡು ಸುಣ್ಣ ನೆನೆಸುವಾಗ ಕುದಿದು ಸಿಡಿಯುತ್ತದೆ. ಕಣ್ಣಿಗೆ ಕನ್ನಡಕವಿರಲಿ, ಮಕ್ಕಳು ದೂರವಿರಲಿ. ತಾರಸಿಗೆಂದೇ ಬರುವ ಬಿಳಿ ಬಣ್ಣಗಳು ಇನ್ನೂ ಚೆನ್ನಾಗಿ ಪ್ರತಿಫಲಿಸುತ್ತವೆ, ಹಲವು ವರ್ಷ ಬಾಳುತ್ತವೆ ಎಂದು ಡಬ್ಬಿಯ ಮೇಲೆ ಬರೆದಿರುತ್ತದೆ. ಬರೆದವರು ನಮ್ಮ ಮಳೆಗಾಲ ನೋಡಿರಲಿಕ್ಕಿಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನ ಲೆಕ್ಕದಲ್ಲಿ ಸುರಿಯುವ ಊರಿನಲ್ಲಿ ಎಂಥ ಬಿಳಿಯೂ ಅಕ್ಟೋಬರಿಗೆ ಹಸಿರು, ಡಿಸೆಂಬರಿಗೆ ಕಪ್ಪು. ದುಬಾರಿ ಬಣ್ಣವನ್ನೂ ಪ್ರತಿವರ್ಷ ತಿಕ್ಕಿ ತೊಳೆಯಲೇಬೇಕು. ನಾನಂತೂ ಪ್ರತಿ ಫೆಬ್ರವರಿ ಕೊನೆಗೆ ಸುಣ್ಣವನ್ನೇ ಬಳಿಯುತ್ತೇನೆ.

ಎರಡನೆಯದು ನೆರಳು. ಸೋರುವ ಭಯಕ್ಕೆ ತಾರಸಿಯ ಮೇಲೆ ಕಬ್ಬಿಣದ ಕಂಬ ನೆಟ್ಟು ಶೀಟು ಹಾಕಿಸುವುದು ಈಗ ಕಾರವಾರದಿಂದ ಭಟ್ಕಳದವರೆಗೆ ರೂಢಿ. ಮಳೆಗೆಂದು ಹಾಕಿಸಿದ ಆ ಶೀಟೇ ಬೇಸಿಗೆಯ ದೊಡ್ಡ ಕೊಡೆ. ಶೀಟು ಕಾಯುತ್ತದೆ, ನಿಜ. ಆದರೆ ಅದಕ್ಕೂ ಸ್ಲ್ಯಾಬಿಗೂ ನಡುವೆ ಗಾಳಿ ಹರಿದಾಡಿದರೆ ಆ ಕಾವನ್ನು ಗಾಳಿಯೇ ಹೊತ್ತೊಯ್ಯುತ್ತದೆ. ಹರಿದಾಡಿದರೆ ಮಾತ್ರ. ನನ್ನ ಎರಡನೇ ತಪ್ಪು ಇಲ್ಲಿಯದು. ಬಟ್ಟೆ ಒಣಗಿಸಲು, ಮಳೆಯ ಎರಚಲು ತಡೆಯಲು ಎಂದು ಮೂರು ಕಡೆಯೂ ನೆಲದಿಂದ ಮಾಡಿನವರೆಗೆ ಶೀಟು ಹೊಡೆಸಿಬಿಟ್ಟಿದ್ದೆ. ಮಧ್ಯಾಹ್ನ ಮೇಲೆ ಹೋದರೆ ಹಪ್ಪಳ ಎರಡು ತಾಸಿಗೆ ಒಣಗುತ್ತಿತ್ತು; ಮನೆಯಾಕೆಗೆ ಅದೊಂದು ಸಂತೋಷ. ಕೆಳಗಿನ ಕೋಣೆಯ ಗತಿ ಮಾತ್ರ ಹಿಂದಿನಂತೆಯೇ. ಮರುವರ್ಷ ಪಡುವಣ ಮತ್ತು ಮೂಡಣ ಬದಿಯಲ್ಲಿ ಮೇಲಿನ ಎರಡೂವರೆ ಅಡಿ ಕತ್ತರಿಸಿ ತೆಗೆಸಿದೆ. ಗಾಳಿ ಒಂದು ಕಡೆಯಿಂದ ನುಗ್ಗಿ ಇನ್ನೊಂದು ಕಡೆಯಿಂದ ಹೊರಟಿತು. ಆ ವಾರದ ರಾತ್ರಿ ಸ್ಟೂಲು ಹತ್ತಿದಾಗ ಅಂಗೈಗೆ ವ್ಯತ್ಯಾಸ ತಿಳಿಯಿತು. ಶೀಟಿಗೆ ಹಣವಿಲ್ಲದವರು ತಾರಸಿಯ ಮೇಲೆ ಅಡಿಕೆ ದಬ್ಬೆಯ ಚಪ್ಪರ ಹಾಕಿ ಹೆಣೆದ ಮಡಲು ಹೊದಿಸಿದರೂ ಫಲ ಅಷ್ಟೇ. ಅಗ್ಗದ ಹಸಿರು ನೆರಳು ಬಲೆಯೂ ಆದೀತು, ಆದರೆ ಅದನ್ನು ತಾರಸಿಗೆ ತಾಗಿಸಿ ಹಾಸಬೇಡಿ; ಎರಡು ಮೂರು ಅಡಿ ಮೇಲೆ ಎಳೆದು ಕಟ್ಟಿ.

ಮೂರನೆಯದು ತಾರಸಿಗೆ ನೀರು ಚಿಮುಕಿಸುವುದು. ಕೂಲರು ಕೆಲಸಕ್ಕೆ ಬಾರದು ಎಂದವನೇ ಈಗ ನೀರು ಎನ್ನುತ್ತಾನಲ್ಲ ಎಂದು ನೀವು ಕೇಳಬಹುದು. ಇದರಲ್ಲೇ ಸ್ವಾರಸ್ಯ. ನೀರು ಎಷ್ಟು ಬೇಗ ಆವಿಯಾಗುತ್ತದೆ ಎಂಬುದು ಗಾಳಿಯ ತೇವದಷ್ಟೇ ನೀರು ಕುಳಿತ ಮೈಯ ಬಿಸಿಯನ್ನೂ ಅವಲಂಬಿಸಿದೆ. 45 ಡಿಗ್ರಿಗೆ ಕಾದ ಕಾಂಕ್ರೀಟಿನ ಮೇಲೆ ನೀರಾವಿಯ ಒತ್ತಡ ನಮ್ಮ ಒದ್ದೆ ಗಾಳಿಯಲ್ಲಿರುವ ಆವಿಯ ಒತ್ತಡದ ಎರಡೂವರೆ ಪಟ್ಟನ್ನೂ ಮೀರುತ್ತದೆ. ಹಾಗಾಗಿ ಅಲ್ಲಿ ಅದು ಸರಸರನೆ ಆರುತ್ತದೆ, ಆರುವಾಗ ಸ್ಲ್ಯಾಬಿನ ಶಾಖವನ್ನು ಕಿತ್ತುಕೊಂಡು ಹೋಗುತ್ತದೆ, ಆ ತೇವವೂ ಮನೆಯ ಹೊರಗೇ ಉಳಿಯುತ್ತದೆ. ಒಂದು ಲೀಟರ್ ನೀರು ಪೂರ್ತಿ ಆವಿಯಾಗಲು ಸುಮಾರು 2,400 ಕಿಲೋಜೂಲ್ ಶಾಖ ಬೇಕು. ಅಷ್ಟೂ ಸ್ಲ್ಯಾಬಿನಿಂದಲೇ ಬಂದರೆ ಒಂದು ಚದರ ಮೀಟರ್ ಸ್ಲ್ಯಾಬು ಎಂಟೊಂಬತ್ತು ಡಿಗ್ರಿ ಇಳಿಯಬೇಕು. ಅರ್ಧ ಗಾಳಿಯ ಪಾಲಾಯಿತು, ಸ್ವಲ್ಪ ಹರಿದುಹೋಯಿತು ಎಂದರೂ ನಾಲ್ಕು ಡಿಗ್ರಿ ಸಣ್ಣ ಮಾತಲ್ಲ. ಸಾವಿರ ಚದರ ಅಡಿಗೆ ತೊಂಬತ್ತು ಲೀಟರಿನ ಆಸುಪಾಸು, ಐದಾರು ಬಾಲ್ದಿ. ಪೈಪು ಬಿಟ್ಟು ಕೆರೆ ಮಾಡಬೇಕಾಗಿಲ್ಲ. ಹರಿದು ಹೋದ ನೀರು ತಣಿಸುವುದು ಅತ್ಯಲ್ಪ. ಬಿಸಿಲು ತಾರಸಿ ಬಿಟ್ಟ ಮೇಲೆ, ಸಂಜೆ ಆರರ ನಂತರ ಪೊರಕೆಯಲ್ಲಿ ಎರಚಿ ಸವರಿದರೆ ಸಾಕು. ಆದರೆ ಮೇ ತಿಂಗಳಲ್ಲಿ ನದಿದಂಡೆಯ ಎಷ್ಟೋ ಬಾವಿಗಳು ಉಪ್ಪಾಗಿ ಕುಡಿಯುವ ನೀರಿಗೇ ಪರದಾಡುವ ಕೇರಿಗಳಿವೆ. ಅಂಥಲ್ಲಿ ಈ ಉಪಾಯ ಹೇಳಲು ನನಗೆ ಬಾಯಿ ಬರುವುದಿಲ್ಲ. ಉಪ್ಪುನೀರನ್ನು ಎರಚಿದಿರೋ, ಸ್ಲ್ಯಾಬಿನೊಳಗಿನ ಸರಳು ತುಕ್ಕು ಹಿಡಿಯುತ್ತದೆ.

ಇನ್ನು ಪಡುವಣ ಗೋಡೆ. ಕರಾವಳಿಯ ಮನೆಯ ನಿಜವಾದ ಪೇಚು ಇರುವುದು ಇಲ್ಲಿ. ಬೇಸಿಗೆಯ ದಿನಗಳಲ್ಲಿ ಬೆಳಗಿನ ಹನ್ನೊಂದು ಹನ್ನೆರಡರ ಹೊತ್ತಿಗೆ ನೆಲ ಕಾದು, ಅದರ ಮೇಲಿನ ಗಾಳಿ ಏರಿ, ಕಡಲಿನ ತಂಪುಗಾಳಿ ಒಳನುಗ್ಗುತ್ತದೆ, ಕತ್ತಲಾಗುವವರೆಗೂ ಬೀಸುತ್ತದೆ. ರಾತ್ರಿ ನೆಲ ತಣಿದ ಮೇಲೆ ಗಾಳಿ ತಿರುಗಿ ಘಟ್ಟದ ಕಡೆಯಿಂದ ಕಡಲಿಗೆ ಇಳಿಯುತ್ತದೆ. ಹಾಯಿದೋಣಿಯ ಕಾಲದಲ್ಲಿ ಮೀನುಗಾರರು ಬೆಳಗಿನ ಜಾವದ ಈ ಗಾಳಿಯಲ್ಲಿ ಹೊರಟು ಮಧ್ಯಾಹ್ನದ ಕಡಲಗಾಳಿಯಲ್ಲಿ ಮರಳುತ್ತಿದ್ದರು. ಅಂದರೆ ನಮಗೆ ಮಧ್ಯಾಹ್ನ ಬೇಕೇ ಬೇಕಾದ ಗಾಳಿಯೂ ಬೇಡವೇ ಬೇಡವಾದ ಬಿಸಿಲೂ ಒಂದೇ ದಿಕ್ಕಿನಿಂದ ಬರುತ್ತವೆ. ಕಿಟಕಿ ಮುಚ್ಚಿದರೆ ಗಾಳಿ ಹೋಯಿತು, ತೆರೆದರೆ ಬಿಸಿಲು ಬಂತು.

ಸಜ್ಜಾ ಇದೆಯಲ್ಲ ಎಂದರೆ, ಎರಡಡಿಯ ಸಜ್ಜಾ ನೆತ್ತಿಯ ಸೂರ್ಯನನ್ನು ತಡೆಯುತ್ತದೆಯೇ ಹೊರತು ನಾಲ್ಕೂವರೆಗೆ ಅಡ್ಡಡ್ಡ ಬರುವವನನ್ನಲ್ಲ. ಸಂಜೆ ನಾಲ್ಕರ ಹೊತ್ತಿಗೆ ಪಡುವಣದ ನಾಲ್ಕಡಿ ಚೌಕದ ಗಾಜಿನ ಕಿಟಕಿಯೊಂದರಿಂದ ಮುಕ್ಕಾಲು ಕಿಲೋವಾಟಿನಷ್ಟು ಶಾಖ ಒಳಬರುತ್ತದೆ. ಒಳಗೆ ಪರದೆ ಎಳೆದರೆ ಕಣ್ಣಿಗೆ ಹಿತ, ಕೋಣೆಗೆ ಅಷ್ಟಿಲ್ಲ. ಬೆಳಕು ಗಾಜು ದಾಟಿ ಪರದೆಯನ್ನು ಕಾಯಿಸಿತು ಎಂದರೆ ಶಾಖ ಆಗಲೇ ಮನೆಯೊಳಗಿದೆ, ಗಾಜು ಅದನ್ನು ಹೊರಬಿಡದು. ಬಿಸಿಲನ್ನು ತಡೆಯುವುದಾದರೆ ಗಾಜಿನ ಹೊರಗೇ ತಡೆಯಬೇಕು, ಗಾಳಿಗೆ ದಾರಿ ಬಿಡುವ ವಸ್ತುವಿನಿಂದ ತಡೆಯಬೇಕು.

ನಮ್ಮ ಅಮ್ಮನಿಗೆ ಈ ಸೂತ್ರ ಯಾರೂ ಹೇಳಿಕೊಟ್ಟಿರಲಿಲ್ಲ. ಬಸಳೆ ಚಪ್ಪರವನ್ನು ಆಕೆ ಸದಾ ಬಚ್ಚಲಿನ ಪಕ್ಕದ ಪಡುವಣ ಬದಿಯಲ್ಲೇ ಹಾಕುತ್ತಿದ್ದಳು. ಬಚ್ಚಲ ನೀರು ಬುಡಕ್ಕೆ ಹೋಗುತ್ತಿತ್ತು, ಎಲೆಯ ನೆರಳು ಗೋಡೆಗೆ ಬೀಳುತ್ತಿತ್ತು. ನಾನು ಅದನ್ನೇ ತುಸು ಎತ್ತರಿಸಿದೆ. ಮಲಗುವ ಕೋಣೆಯ ಕಿಟಕಿಯಿಂದ ಎರಡಡಿ ದೂರಕ್ಕೆ ಕಂಬ ನಿಲ್ಲಿಸಿ, ತಂತಿ ಹೆಣೆದು, ಒಂದು ಬದಿಗೆ ಬಸಳೆ, ಇನ್ನೊಂದು ಬದಿಗೆ ತೊಂಡೆ ಹಬ್ಬಿಸಿದೆ. ಡಿಸೆಂಬರಿನಲ್ಲಿ ಬಳ್ಳಿ ನೆಟ್ಟರೆ ಮಾರ್ಚಿಗೆ ಗೋಡೆ ಕಾಣದಷ್ಟು ದಟ್ಟ. ಎಲೆ ಕಾದರೂ ತನ್ನ ನೀರನ್ನು ಆವಿ ಮಾಡಿ ತನ್ನನ್ನು ತಣಿಸಿಕೊಳ್ಳುತ್ತದೆ, ಶೀಟಿನ ಹಾಗೆ ಕಾವು ಉಗುಳುವುದಿಲ್ಲ. ಬಳ್ಳಿ ಬೇಡವೆನ್ನುವವರು ಕಿಟಕಿಯ ಹೊರಗೆ ಬಿದಿರಿನ ಪರದೆ ಇಳಿಬಿಡಬಹುದು. ಗೋಡೆಗೆ ಅಂಟದಂತೆ, ಒಂದು ಗೇಣು ಬಿಟ್ಟು. ತೆಂಗಿನ ಮರವನ್ನು ನೆರಳಿಗೆಂದು ಲೆಕ್ಕ ಹಿಡಿಯಬೇಡಿ, ಅದರ ನೆರಳು ನೆರೆಮನೆಯವರಿಗೆ. ಜಾಗವಿದ್ದರೆ ಪಡುವಣಕ್ಕೆ ಹಲಸು ಅಥವಾ ಹೊನ್ನೆ. ಮೇ ತಿಂಗಳಲ್ಲಿ ಸೂರ್ಯ ನೇರ ಪಶ್ಚಿಮಕ್ಕಲ್ಲ, ಇಪ್ಪತ್ತು ಡಿಗ್ರಿಯಷ್ಟು ಉತ್ತರಕ್ಕೆ ಸರಿದು ಮುಳುಗುತ್ತಾನೆ. ನೆರಳು ವಾಯವ್ಯ ಮೂಲೆಯನ್ನೂ ಮುಚ್ಚಬೇಕು.

ಗಾಳಿಯ ವಿಷಯಕ್ಕೆ ಬಂದರೆ ನನಗೆ ಅಲ್ಯೂಮಿನಿಯಂ ಜಾರುಕಿಟಕಿಗಳ ಮೇಲೆ ಹಳೆಯ ಸಿಟ್ಟಿದೆ. ನಾಲ್ಕಡಿಯ ಕಿಟಕಿಗೆ ದುಡ್ಡು ಕೊಡುತ್ತೇವೆ, ಎರಡಡಿ ತೆರೆಯುತ್ತೇವೆ. ಉಳಿದರ್ಧ ಯಾವಾಗಲೂ ಗಾಜು. ಅದರ ಮೇಲೆ ಸೊಳ್ಳೆ ಜಾಲರಿ, ಜಾಲರಿಯ ಮೇಲೆ ಧೂಳು, ಉಪ್ಪು. ತಿಂಗಳಿಗೊಮ್ಮೆ ಜಾಲರಿ ತೊಳೆದರೆ ಸಿಗುವ ಗಾಳಿಯ ವ್ಯತ್ಯಾಸ ಹೊಸ ಫ್ಯಾನಿಗಿಂತ ಹೆಚ್ಚು. ಬಂದ ಗಾಳಿಗೆ ಹೋಗಲು ದಾರಿ ಬೇಕು ಎಂಬುದನ್ನೂ ಮರೆಯುತ್ತೇವೆ. ಪಡುವಣ ಕಿಟಕಿ ತೆರೆದು ಮೂಡಣ ಬಾಗಿಲು ಹಾಕಿಕೊಂಡರೆ ಗಾಳಿ ಬಾಟಲಿಯ ಬಾಯಿಗೆ ಊದಿದಂತೆ. ಹಳೆಯ ಮನೆಗಳಲ್ಲಿ ಗೋಡೆಯ ತಲೆಯಲ್ಲಿದ್ದ ಗವಾಕ್ಷಿಗಳು ಏರಿದ ಬಿಸಿಗಾಳಿಯನ್ನು ಹೊರಗೆ ಬಿಡುತ್ತಿದ್ದವು. ನಾವು ಅವನ್ನು ಜೇಡ ಬರುತ್ತದೆಂದು ಸಿಮೆಂಟು ತುಂಬಿ ಮುಚ್ಚಿದೆವು. ಎರಡು ಕೋಣೆಗಳಲ್ಲಿ ನಾನು ಅವನ್ನು ಮತ್ತೆ ಒಡೆಸಿದ್ದೇನೆ.

ಕಿಟಕಿ ಯಾವಾಗ ತೆರೆಯಬೇಕು? ಬಯಲುಸೀಮೆಯಲ್ಲಿ ಹಗಲು ಮುಚ್ಚಿ ರಾತ್ರಿ ತೆರೆಯುವುದು ಸರಿ, ಅಲ್ಲಿ ಹಗಲಿಗೂ ರಾತ್ರಿಗೂ ಬಿಸಿಯ ಅಂತರ ದೊಡ್ಡದು. ಘಟ್ಟದ ಮೇಲಿನ ಶಿರಸಿಗೂ ಅದೇ ಸಲ್ಲುತ್ತದೆ. ಸಮುದ್ರಮಟ್ಟದಿಂದ ಐನೂರು ಮೀಟರಿಗೂ ಎತ್ತರದಲ್ಲಿರುವ ಆ ಊರಿನಲ್ಲಿ ಹಗಲಿನ ಬಿಸಿಲು ನಮ್ಮದಕ್ಕಿಂತ ಕಡಿಮೆಯೇನಲ್ಲ, ಆದರೆ ರಾತ್ರಿ ತಣಿಯುತ್ತದೆ. ದೇವಿಮನೆ ಘಟ್ಟ ಹತ್ತುವಾಗ ಬಸ್ಸಿನ ಕಿಟಕಿಯಲ್ಲೇ ಅದು ಗೊತ್ತಾಗುತ್ತದೆ. ಕೆಳಗೆ ನಮಗೆ ಹಗಲು 33, ರಾತ್ರಿ 26. ಅಂತರ ಏಳೇ ಡಿಗ್ರಿ. ಹಾಗಾಗಿ ಹಗಲೂ ರಾತ್ರಿಯೂ ತೆರೆದಿಡುವುದೇ ಒಳ್ಳೆಯದು. ಘಟ್ಟದ ಗಾಳಿ ನಿಂತು ಕಡಲಗಾಳಿ ಇನ್ನೂ ಬಾರದ ಒಂಬತ್ತರಿಂದ ಹನ್ನೊಂದರ ನಡುವಿನ ಹೊತ್ತು ಮಾತ್ರ ಫ್ಯಾನೇ ಗತಿ.

ಒಂದು ಬಗೆಯ ದಿನಗಳಿಗೆ ಈ ಮಾತು ತಲೆಕೆಳಗು. ಫೆಬ್ರವರಿ ಕೊನೆ, ಮಾರ್ಚಿನಲ್ಲಿ ಕೆಲವು ದಿನ ಮೂಡಣ ಗಾಳಿ ಬಲವಾಗಿ ಕಡಲಗಾಳಿಯನ್ನು ಮಧ್ಯಾಹ್ನದವರೆಗೂ ತಡೆದು ನಿಲ್ಲಿಸುತ್ತದೆ. ಆಗ ಕರಾವಳಿಯಲ್ಲೂ ಪಾದರಸ 37 ದಾಟುತ್ತದೆ, ತುಟಿ ಒಣಗುತ್ತದೆ, ತಂತಿಯ ಮೇಲಿನ ಬಟ್ಟೆ ಗಳಿಗೆಯಲ್ಲಿ ಗರಿಗರಿ. ಹವಾಮಾನ ಇಲಾಖೆ ಬಯಲಿನ ಊರಿಗೆ 40 ಡಿಗ್ರಿಯನ್ನು ಶಾಖದ ಅಲೆಯ ಹೊಸ್ತಿಲಾಗಿ ಇಟ್ಟುಕೊಂಡಿದ್ದರೆ ಕರಾವಳಿಗೆ 37 ಡಿಗ್ರಿ, ಜೊತೆಗೆ ವಾಡಿಕೆಗಿಂತ 4.5 ಡಿಗ್ರಿ ಹೆಚ್ಚಿರಬೇಕು. ಅಂಥ ದಿನ ಒಳಗಿಗಿಂತ ಹೊರಗೇ ಬಿಸಿ. ಹತ್ತು ಗಂಟೆಗೆ ಕಿಟಕಿ ಮುಚ್ಚಿ, ಕಡಲಗಾಳಿ ತಿರುಗಿದ್ದು ತೆಂಗಿನ ಗರಿಯಲ್ಲಿ ಕಂಡ ಮೇಲೆ ತೆರೆಯಿರಿ.

ಫ್ಯಾನು ಗಾಳಿಯನ್ನು ತಣಿಸುವುದಿಲ್ಲ, ಮೈಯನ್ನು ತಣಿಸುತ್ತದೆ. ಯಾರೂ ಇಲ್ಲದ ಕೋಣೆಯಲ್ಲಿ ತಿರುಗುವ ಫ್ಯಾನು ಹಳೆಯದಾದರೆ 75 ವಾಟಿನ ಪುಟ್ಟ ಒಲೆ. ಬ್ರಷ್ ಇಲ್ಲದ ಮೋಟರಿನ ಹೊಸ ಬಿಎಲ್‌ಡಿಸಿ ಫ್ಯಾನು 30 ವಾಟಿನ ಆಸುಪಾಸಿನಲ್ಲಿ ಅಷ್ಟೇ ಗಾಳಿ ಕೊಡುತ್ತದೆ. ರಾತ್ರಿ ಸ್ಲ್ಯಾಬು ಬಿಸಿಯಿರುವಾಗ ಮಾಡಿನ ಫ್ಯಾನಿಗಿಂತ ಕಿಟಕಿಯ ಬಳಿಯ ಮೇಜು ಫ್ಯಾನು ಮೇಲು: ಮಲಗುವ ಮುಂಚೆ ಒಂದು ಗಂಟೆ ಅದರ ಮುಖವನ್ನು ಹೊರಗೆ ತಿರುಗಿಸಿಟ್ಟು ಎದುರು ಕಿಟಕಿ ತೆರೆದಿಟ್ಟರೆ ಕೋಣೆಯ ಬಿಸಿಗಾಳಿ ಹೊರಬಿದ್ದು ಅಂಗಳದ ಗಾಳಿ ಒಳಬರುತ್ತದೆ.

ಎಸಿ ಹಾಕಿಸಬಾರದೆಂದು ನಾನು ಹೇಳುವುದಿಲ್ಲ. ನಮ್ಮ ಊರಿನಲ್ಲಿ ಅದರ ದೊಡ್ಡ ಉಪಕಾರ ಬಿಸಿ ಇಳಿಸುವುದಕ್ಕಿಂತ ನೀರಾವಿ ಹಿಂಡಿ ತೆಗೆಯುವುದು. ಹಾಗಾಗಿ 26–27ಕ್ಕೆ ಇಟ್ಟು ಫ್ಯಾನು ನಿಧಾನವಾಗಿ ತಿರುಗಿಸಿದರೂ ಸುಖನಿದ್ರೆ. 2020ರ ಜನವರಿಯಿಂದ ಸ್ಟಾರ್ ಗುರುತಿನ ಎಸಿಗಳು ಶುರುವಾಗುವುದೇ 24 ಡಿಗ್ರಿಯಿಂದ. 18ಕ್ಕೆ ಇಳಿಸಿದರೆ ಕೋಣೆ ಬೇಗ ತಣಿಯುವುದಿಲ್ಲ, ಬಿಲ್ಲು ಬೇಗ ಏರುತ್ತದೆ. ಹೊರಗಿನ ಪೆಟ್ಟಿಗೆಯನ್ನು ಕಡಲಿಗೆ ಮುಖ ಮಾಡಿ ಕೂರಿಸಬೇಡಿ, ಉಪ್ಪುಗಾಳಿ ಅದರ ರೆಕ್ಕೆಗಳನ್ನು ತಿಂದುಹಾಕುತ್ತದೆ. ತಾರಸಿಗೆ ನೆರಳಿಲ್ಲದೆ ಎಸಿ ಹಾಕಿಸಿದವರು ಕಾವಲಿಯನ್ನು ತಣಿಸಲು ಕರೆಂಟು ಸುಡುತ್ತಿರುತ್ತಾರೆ, ಅಷ್ಟೇ.

ಹೊಸದಾಗಿ ಕಟ್ಟುವವರಿಗೆ ಒಂದು ಮಾತು. ಪಡುವಣಕ್ಕೆ ಮಲಗುವ ಕೋಣೆಯ ಬದಲು ಬಚ್ಚಲು, ಮೆಟ್ಟಿಲು, ಉಗ್ರಾಣ ಇಡಿ, ಅದರಾಚೆ ಆರಡಿ ಜಗುಲಿ. ಸ್ಲ್ಯಾಬಿನ ಕೆಳಮೈಯಲ್ಲಿ ಕಾಂಕ್ರೀಟಿನ ಬದಲು ಮಂಗಳೂರು ಹೆಂಚನ್ನೇ ಹುದುಗಿಸಿ ಹಾಕುವ ಪದ್ಧತಿಯನ್ನು ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಜನಪ್ರಿಯಗೊಳಿಸಿದರು. ಅದರಿಂದ ಕಾಂಕ್ರೀಟೂ ಉಳಿಯುತ್ತದೆ, ಕಾವೂ ಕಡಿಮೆ. ನನಗೆ ಇದು ತಿಳಿಯುವ ಹೊತ್ತಿಗೆ ನಮ್ಮ ಸ್ಲ್ಯಾಬಿಗೆ ನೀರು ಕಟ್ಟಿ ಇಪ್ಪತ್ತು ದಿನವಾಗಿತ್ತು.

ಮೇ 20ರ ಸುಮಾರಿಗೆ ತಾರಸಿಯ ಮೇಲಿನ ನೆರಳು ಬಲೆ, ಮಡಲು, ಬಿದಿರಿನ ಪರದೆ ಎಲ್ಲವನ್ನೂ ಬಿಚ್ಚಿ ಒಣಗಿಸಿ ಅಟ್ಟಕ್ಕೆ ಹಾಕಬೇಕು. ಮಳೆಗೆ ಮುಂಚಿನ ಮೊದಲ ಗುಡುಗುಗಾಳಿ ಅವನ್ನು ಹರಿದು ನೆರೆಮನೆಯ ಬಾವಿಗೆ ಹಾಕಿದ ಉದಾಹರಣೆ ನಮ್ಮ ಕೇರಿಯಲ್ಲಿದೆ. ಶೀಟಿನ ಬೋಲ್ಟುಗಳನ್ನು ಅದೇ ದಿನ ಬಿಗಿ ಮಾಡಿಸಿ. ಬಸಳೆಯನ್ನು ಮಾತ್ರ ಬಿಡಿ, ಜೂನಿನ ಮೊದಲ ಮಳೆಯವರೆಗೂ ಸೊಪ್ಪು ಸಿಗುತ್ತದೆ.